ಹಳ್ಳಕ್ಕೂ ಒಂದು ಪಹಣಿ

ಕೆಲವು ವರ್ಷಗಳ ಹಿಂದೆ ಕಾರಟಗಿ ಸೀಮೆಯ ಹಳ್ಳಿಯೊಂದರ ಹಿರಿಯರೊಬ್ಬರು ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಗೊಬ್ಬರದ ಅಂಗಡಿಯವರು ಕೊಡುವ ಚೀಲ. ಅದರೊಳಗೆ ಮಡಿಚಿ ಮಡಿಚಿ ಅಂಚು ಹರಿದ ನಾಲ್ಕೈದು ಹಾಳೆಗಳು. ಎಲ್ಲವೂ ಉರ್ದು. "ಸಾಬ್ರೆ, ನೀವು ಉರ್ದು ಸಾಲಿ ಕಲಿತವ್ರು ಅಂತ ಕೇಳಿ ಬಂದೀನಿ. ಇದನ್ನ ಓದಿ ಹೇಳ್ರಿ. ನಮ್ಮ ಹೊಲ ಹಳ್ಳದ ನಡಮಟ ಐತೋ, ದಂಡಿಮಟ ಐತೋ ಅಷ್ಟು ತಿಳೀಬೇಕು" ಎಂದರು. ಹೊಲಕ್ಕೆ ಹೊಂದಿಕೊಂಡ ಹಳ್ಳವನ್ನು ಆಚೆ ದಂಡೆಯವರು ಒತ್ತಿಕೊಳ್ಳುತ್ತಿದ್ದಾರೆ ಎಂಬುದು ಅವರ ತಕರಾರು. ಈಚೆ ದಂಡೆಯಿಂದ ಇವರು ಒತ್ತಿಕೊಂಡಿದ್ದಾರೆ ಎಂಬುದು ಅವರದು.

ನಾವು ಓದಲು ಕೂತೆವು. ಓದಿದಷ್ಟು ಸುಲಭವಾಗಿ ಅದು ಅರ್ಥವಾಗಲಿಲ್ಲ. ಶಾಲೆಯಲ್ಲಿ ನಾವು ಕಲಿತದ್ದು ಅಚ್ಚುಕಟ್ಟಾದ ನಸ್ತಾಲಿಖ್ ಬರಹ. ಇಲ್ಲಿದ್ದದ್ದು ದಫ್ತರಿನ ಗುಮಾಸ್ತರ ಶಿಕಸ್ತಾ. ಚುಕ್ಕೆಗಳಿಲ್ಲ, ಅಕ್ಷರಗಳು ಒಂದರ ಹೆಗಲ ಮೇಲೊಂದು ಬಿದ್ದಿವೆ. ಅಂಕಿಗಳಂತೂ 'ರಕಮು' ಎಂಬ ಹಳೆಯ ಲೆಕ್ಕದ ಬರಹದಲ್ಲಿದ್ದವು. ಅದನ್ನು ಬಲ್ಲ ಮುತ್ಸದ್ದಿಗಳ ಪೀಳಿಗೆಯೇ ಹೋಗಿಬಿಟ್ಟಿದೆ. ಅಲ್ಲಿ ಇಲ್ಲಿ ಕೇಳಿ, ಹೈದರಾಬಾದಿನ ಪರಿಚಿತರೊಬ್ಬರಿಗೆ ತೋರಿಸಿ, ಕೊನೆಗೆ ಬಿಡಿಸಿಕೊಂಡ ಸಾಲು ಇಷ್ಟು: ಪೂರ್ವಕ್ಕೆ ನಾಲಾ, ನಾಕಾಬಿಲೆ ಕಾಶ್ತ್, ಸರ್ಕಾರಿ. ಅಂದರೆ ಹಳ್ಳ, ಸಾಗುವಳಿಗೆ ಬಾರದ್ದು, ಸರಕಾರದ್ದು. ಹೊಲ ದಂಡೆಗೇ ಮುಗಿದಿತ್ತು. ಆಚೆಯವರದ್ದೂ ಅಷ್ಟೇ. ನಡುವಿನದ್ದು ಇಬ್ಬರದ್ದೂ ಅಲ್ಲ.

ಹಿರಿಯರು ನಿರಾಶರಾದರು. "ಹಂಗಾದ್ರ ಅದು ಯಾರದ್ರಿ?" ಎಂದು ಕೇಳಿದರು. ಆ ಪ್ರಶ್ನೆಯ ಬೆನ್ನು ಹತ್ತಿ ಈ ಸೀಮೆಯ ಹಳ್ಳಗಳ ಕಡೆ ತಿರುಗಿ ನೋಡಲು ಹೊರಟೆವು. ನದಿಗಳಿಗೆ ಚರಿತ್ರೆ ಇದೆ. ಅಣೆಕಟ್ಟುಗಳಿಗೆ ಸ್ಮರಣ ಸಂಚಿಕೆಗಳಿವೆ. ಊರ ಹಳ್ಳಕ್ಕೆ ಏನಿದೆ?

ಇಳಿಜಾರಿನ ಲೆಕ್ಕ

ಕಾರಟಗಿ ಗಂಗಾವತಿಯಿಂದ ಸಿಂಧನೂರಿಗೆ ಹೋಗುವ ದಾರಿಯ ಮೇಲಿದೆ. ಮೊದಲು ಗಂಗಾವತಿ ತಾಲೂಕಿನಲ್ಲಿದ್ದ ಈ ಊರನ್ನು 2017ರ ಬಜೆಟ್ಟಿನಲ್ಲಿ ಹೊಸ ತಾಲೂಕೆಂದು ಘೋಷಿಸಿದರು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬ್‌ನ ದಕ್ಷಿಣದ ಸೆರಗು ಇದು. ದೋ ಎಂದರೆ ಎರಡು, ಆಬ್ ಎಂದರೆ ನೀರು. ಎರಡು ನೀರುಗಳ ನಡುವಿದ್ದೂ ನೀರಿಲ್ಲದ ನಾಡೆಂದು ಹೆಸರಾದದ್ದು ಚರಿತ್ರೆಯ ವ್ಯಂಗ್ಯ. ವರ್ಷಕ್ಕೆ ಬೀಳುವ ಮಳೆ 500ರಿಂದ 600 ಮಿಲಿಮೀಟರು. ಅದರಲ್ಲೂ ಹೆಚ್ಚಿನದು ಸೆಪ್ಟೆಂಬರ್ ಆಸುಪಾಸಿನ ಕೆಲವೇ ದಿನಗಳಲ್ಲಿ ಸುರಿದು ಹೋಗುತ್ತದೆ.

ನೆಲದ ಓಟ ಸರಳವಾಗಿದೆ. ವಾಯವ್ಯದ ಕಡೆ ಕನಕಗಿರಿ, ಕುಷ್ಟಗಿಯ ಕಲ್ಲುಗುಡ್ಡಗಳು. ಅವುಗಳ ಬುಡದಲ್ಲಿ ಕೆಂಪು ಮಸಾರಿ ನೆಲ. ಕೆಳಗಿಳಿದಂತೆ ಎರೆ. ಇನ್ನೂ ಕೆಳಗೆ ತುಂಗಭದ್ರೆ, ಅದರಾಚೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ. ಗುಡ್ಡದಲ್ಲಿ ಬಿದ್ದ ಮಳೆ ಮೊದಲು ಸರುವುಗಳಾಗಿ, ಸರುವುಗಳು ಕೂಡಿ ಹಳ್ಳವಾಗಿ ಹೊಳೆಯ ಕಡೆ ಹೋಗುತ್ತವೆ. ಕೆಲವು ನೇರ ತುಂಗಭದ್ರೆಗೆ, ಕೆಲವು ಸಿಂಧನೂರು, ಮಸ್ಕಿಗಳ ಕಡೆಯ ದೊಡ್ಡ ಹಳ್ಳಗಳಿಗೆ ಸೇರಿ ಬಳಸಿಕೊಂಡು ಅದೇ ಹೊಳೆಗೆ. ಈ ಹಳ್ಳಗಳಿಗೆ ನಕ್ಷೆಯಲ್ಲಿ ಹೆಸರು ಕಡಿಮೆ. ಮೇಲಿನ ಊರಿನವರಿಗೆ ಅದು ಕೆಳಗಿನ ಊರಿನ ಹಳ್ಳ, ಕೆಳಗಿನವರಿಗೆ ಮೇಲಿನ ಊರಿನ ಹಳ್ಳ. ತಮ್ಮೂರಿನಲ್ಲಿ ಮಾತ್ರ ಬರೀ 'ಹಳ್ಳ' ಅಥವಾ 'ಹಿರೇಹಳ್ಳ'. ಮನೆಯ ತಾಯಿಗೆ ಮನೆಯೊಳಗೆ ಹೆಸರು ಯಾಕೆ ಬೇಕು?

ಮನುಷ್ಯರು ಈ ಹಳ್ಳಗಳ ಗುಂಟ ವಾಸಿಸಲು ಶುರುಮಾಡಿ ನಾಲ್ಕು ಸಾವಿರ ವರ್ಷಗಳ ಮೇಲಾಯಿತು. ದೋಆಬ್‌ನ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಕುರುಹು. ಮಸ್ಕಿ ಎಂದ ಕೂಡಲೇ ನಮಗೆ 1915ರಲ್ಲಿ ಸಿಕ್ಕ ಅಶೋಕನ ಶಾಸನ ನೆನಪಾಗುತ್ತದೆ. ಆದರೆ ಅಲ್ಲಿ 1954ರಲ್ಲಿ ಬಿ. ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ಅಶೋಕನಿಗಿಂತ ಬಹಳ ಹಿಂದಿನ ವಸತಿಗಳ ಪದರಗಳು ಕಂಡವು. ಊರು ಬೆಳೆದದ್ದು ಗುಡ್ಡ ಮತ್ತು ಹಳ್ಳದ ನಡುವೆ. ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲಿನ ಶಿಲಾಸಮಾಧಿಗಳ ನಡುವೆಯೂ ಕಲ್ಲು ತೆಗೆದ ಗುಂಡಿಯಲ್ಲಿ ಮಳೆನೀರು ನಿಲ್ಲಿಸಿದ ಕೊಳವಿದೆ. ಮಳೆ ಬಂದಾಗ ಹಿಡಿ, ಹರಿದಾಗ ತಡೆ, ಇಂಗಿದಾಗ ತೋಡು. ಈ ಮೂರು ಪಾಠಗಳನ್ನು ಇಲ್ಲಿಯ ಜನ ಯಾವ ಇಲಾಖೆಯಿಂದಲೂ ಕಲಿಯಲಿಲ್ಲ.

ವಿಜಯನಗರದವರು ಹೊಳೆಗೆ ಕೈಹಾಕಿದರು. ಎಡದಂಡೆಯಲ್ಲಿ ಹುಲಿಗಿ, ಶಿವಪುರ, ಆನೆಗುಂದಿ, ಗಂಗಾವತಿಯ ಕಾಲುವೆಗಳು ಆ ಕಾಲದವು. ಇಂದಿಗೂ ಹರಿಯುತ್ತಿವೆ. ಆದರೆ ಅವುಗಳ ನೀರು ಹೊಳೆಯ ಮಗ್ಗುಲಿನ ಪಟ್ಟಿಗೆ ಮಾತ್ರ. ಕಾರಟಗಿಯಂಥ ಒಳನಾಡಿಗೆ ಕೆರೆ, ಬಾವಿ, ಹಳ್ಳಗಳೇ ಗತಿ. ದೋಆಬ್‌ಗಾಗಿ ಬಹಮನಿಗಳೂ ವಿಜಯನಗರದವರೂ, ಆಮೇಲೆ ಆದಿಲಶಾಹಿಗಳೂ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದ. 1565ರ ನಂತರ ಅದು ಮತ್ತೆ ಆದಿಲಶಾಹಿಗೆ, 1686ರಲ್ಲಿ ಮೊಗಲರಿಗೆ, ಆಮೇಲೆ ನಿಜಾಮರಿಗೆ ಹೋಯಿತು. 1853ರಲ್ಲಿ ಕಂಪನಿ ಸರಕಾರದ ಕೈಗೆ ಹೋಗಿ 1860ರಲ್ಲಿ ನಿಜಾಮರಿಗೆ ಮರಳಿತು. ಇಷ್ಟು ಧ್ವಜಗಳು ಬದಲಾದರೂ ಹಳ್ಳದಲ್ಲಿ ವರತೆ ತೋಡುವ ಹೆಂಗಸಿನ ಸೊಂಟದ ಕೊಡ ಬದಲಾಗಲಿಲ್ಲ.

ಖುಷ್ಕಿ, ತರಿ, ಖರಾಬ್

ನಿಜಾಂ ಆಡಳಿತದಲ್ಲಿ ಈ ಸೀಮೆ ಮೊದಲು ಲಿಂಗಸುಗೂರು ಜಿಲ್ಲೆಯಲ್ಲಿತ್ತು. 1905ರಲ್ಲಿ ಆ ಜಿಲ್ಲೆಯನ್ನು ಮುರಿದಾಗ ರಾಯಚೂರಿಗೆ ಸೇರಿತು. 1884ರಲ್ಲಿ ಪಾರಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದಿತ್ತು. ಊರ ಕುಲಕರ್ಣಿಯ ಲೆಕ್ಕ ಕನ್ನಡದಲ್ಲಿ, ತಹಸೀಲಿನ ದಫ್ತರು ಉರ್ದುವಿನಲ್ಲಿ. ರೈತ ಕನ್ನಡದಲ್ಲಿ ಉಳುತ್ತಿದ್ದ, ಸರಕಾರ ಉರ್ದುವಿನಲ್ಲಿ ಕಂದಾಯ ಬರೆದುಕೊಳ್ಳುತ್ತಿತ್ತು. ಈ ಅಂತರದಿಂದ ಅನ್ಯಾಯಗಳೂ ಆದವು. ಓದು ಬಾರದವನ ಹೆಬ್ಬೆಟ್ಟಿನ ಕೆಳಗೆ ಏನು ಬರೆದಿದೆಯೆಂದು ಬರೆದವನಿಗೆ ಮಾತ್ರ ಗೊತ್ತಿರುತ್ತಿತ್ತು. ಇದನ್ನು ಉರ್ದು ಕಲಿತ ನಾವೇ ಹೇಳಬೇಕು.

ಆದರೆ ಆ ಭಾಷೆ ನೆಲವನ್ನು ನೋಡಿದ ಬಗೆ ಕುತೂಹಲದ್ದು. ಮಳೆಯಾಶ್ರಿತ ಹೊಲ ಖುಷ್ಕಿ. ನೀರು ಕಂಡದ್ದು ತರಿ. ತೋಟ ಬಾಗಾಯತು. ಮಳೆಗಾಲದ ನೀರಿನ ಬೆಳೆ ಆಬಿ, ಬೇಸಿಗೆಯದು ತಾಬಿ. ದನ ಮೇಯುವ ಜಾಗ ಗಾಯರಾಣ. ಉಳಲಾಗದ್ದು ಖರಾಬ್. ಬರದಲ್ಲಿ ಬಾವಿ ತೋಡಲು ಕೊಡುವ ಸಾಲ ತಕಾವಿ. ಈ ಮಾತುಗಳಲ್ಲಿ ಅರ್ಧಕ್ಕರ್ಧ ಇಂದಿಗೂ ನಮ್ಮ ರೈತರ ಬಾಯಲ್ಲಿವೆ. ಅವು ಪರಭಾಷೆಯವೆಂದು ಅವರಿಗೆ ಅನ್ನಿಸುವುದಿಲ್ಲ. ಜಮೀನು, ಪಹಣಿ, ಫಸಲು ಎಂಬ ಪದಗಳನ್ನು ಕಿತ್ತುಹಾಕಿದರೆ ತಾಲೂಕು ಕಚೇರಿಯ ಕನ್ನಡ ಅಲ್ಲಿಯೇ ಕುಸಿದು ಬೀಳುತ್ತದೆ.

ಈ ವರ್ಗೀಕರಣದಲ್ಲಿ ಹಳ್ಳ 'ಖರಾಬ್'. ಕಂದಾಯ ಬಾರದ್ದರಿಂದ ಅದು ಕೆಟ್ಟದ್ದು. ಇದು ದಫ್ತರಿನ ಕಣ್ಣು. ಊರಿನ ಕಣ್ಣಿಗೆ ಹಳ್ಳದಷ್ಟು ದುಡಿಯುವ ನೆಲ ಬೇರೊಂದಿರಲಿಲ್ಲ. ದಂಡೆಯ ಈಚಲು ಮರದಿಂದ ಸೇಂದಿ ಇಳಿಯುತ್ತಿತ್ತು, ಅದರಿಂದ ಸರಕಾರದ ಅಬಕಾರಿ ಖಜಾನೆಗೆ ಹಣ. ಈಚಲು ಗರಿಯಿಂದ ಚಾಪೆ, ಬುಟ್ಟಿ, ಕಸಬರಿಗೆ. ಲಕ್ಕಿ ಗಿಡದ ಬರಲಿನಿಂದ ಕಣಜ, ತಟ್ಟಿ. ಜಾಲಿಯಿಂದ ನೇಗಿಲು, ಗಾಡಿಯ ಗುಂಬ. ಮಡುವಿನ ಮೀನು ಬೆಸ್ತರಿಗೆ. ಕಲ್ಲುಹಾಸು ಅಗಸರಿಗೆ. ಸವಳು ಮಣ್ಣು ಬಟ್ಟೆಯ ಕೊಳೆಗೆ. ಜೇಡಿ ಕುಂಬಾರರಿಗೆ. ಮಳಲೊಳಗಿನ ವರತೆ ಎಲ್ಲರಿಗೆ. ಆದರೆ ಈ ಎಲ್ಲರಲ್ಲೂ ಮೇಲೆ ಕೆಳಗೆ ಇತ್ತು. ದಲಿತರ ವರತೆ ಹಳ್ಳದ ಕೆಳಗಿನ ತಿರುವಿನಲ್ಲಿ, ಮೇಲ್ಜಾತಿಯವರದ್ದು ಮೇಲೆ. ಹಳ್ಳವನ್ನು ಸುಮ್ಮನೆ ಸಮಾನತೆಯ ತಾಣವೆಂದು ಹಾಡಿ ಹೊಗಳಿದರೆ ಕೆಳಗಿನ ತಿರುವಿನಲ್ಲಿ ಕೊಡ ಇಟ್ಟು ಕಾದವರಿಗೆ ಮೋಸ ಮಾಡಿದಂತೆ.

ಹಾಗಿದ್ದೂ ಕೆಲವು ದಿನಗಳು ಬೇರೆ ಇದ್ದವು. ರಾಯಚೂರು, ಕೊಪ್ಪಳ ಸೀಮೆಯ ಮೊಹರಮ್ಮು ಎಲ್ಲ ಜಾತಿಗಳ ಹಬ್ಬ. ಮುದಗಲ್ಲಿನ ಮೊಹರಮ್ಮು ದೊಡ್ಡದು, ಆದರೆ ಮುಸಲ್ಮಾನರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಕೂಡ ಪೀರಲು ದೇವರು ಕೂರುತ್ತವೆ. ಹತ್ತನೆಯ ದಿನ ಅಲಾಯಿ ಕುಣಿದು ದೇವರುಗಳನ್ನು ಹೊಳೆಗೆ ಒಯ್ಯುತ್ತಾರೆ. ಹೊಳೆ ದೂರವಿದ್ದ ಊರಿಗೆ ಹಳ್ಳವೇ ಹೊಳೆ. ಪಂಜಾಗಳನ್ನು ತೊಳೆದು, ಮುಖ ಮುಚ್ಚಿ, ಹಾಡು ನಿಲ್ಲಿಸಿ ಮರಳುವ ಆ ಸಂಜೆ ನಮ್ಮ ಬಾಲ್ಯದ ಅತಿ ಮೌನದ ಸಂಜೆ. ಗಂಗೆಪೂಜೆಯೂ ಅದೇ ನೀರಿಗೆ. ಊರಮ್ಮನನ್ನು ಗಡಿ ದಾಟಿಸುವುದೂ ಅದೇ ಹಳ್ಳದಾಚೆಗೆ. ಕಂದಾಯದ ಪುಸ್ತಕದಲ್ಲಿ ಈ ಯಾವುದಕ್ಕೂ ಕಾಲಮ್ಮು ಇರಲಿಲ್ಲ.

ಬರಗಾಲದಲ್ಲಿ ಮಾತ್ರ ಹಳ್ಳದ ಬೆಲೆ ಸರಕಾರಕ್ಕೂ ಗೊತ್ತಾಗುತ್ತಿತ್ತು. 1876-78ರ ಧಾತು ಸಂವತ್ಸರದ ಬರದಲ್ಲಿ ದಖ್ಖನದ ಉದ್ದಗಲಕ್ಕೂ ಜನ ಸತ್ತರು. ಕೆರೆ ಬತ್ತಿದ ಮೇಲೂ ಹಳ್ಳದ ಮಳಲೊಳಗೆ ಕೈ ಆಳಕ್ಕೆ ನೀರು ಉಳಿಯುತ್ತದೆ. ಮಳಲು ಬಿಸಿಲಿಗೆ ಮುಚ್ಚಳದಂತೆ. ವರತೆಯ ಈ ಸರಳ ವಿಜ್ಞಾನದಿಂದ ಬದುಕಿಕೊಂಡ ಊರುಗಳು ಈ ಸೀಮೆಯಲ್ಲಿ ಬಹಳ.

ಕಾಲುವೆ ಬಂತು

ತುಂಗಭದ್ರೆಗೆ ದೊಡ್ಡ ಅಣೆಕಟ್ಟು ಬೇಕೆಂಬ ಮಾತು 1860ರ ಸುಮಾರಿಗೆ ಸರ್ ಆರ್ಥರ್ ಕಾಟನ್ ಕಾಲದಿಂದ ಇತ್ತು. ಮದ್ರಾಸ್ ಪ್ರಾಂತ್ಯ ಮತ್ತು ಹೈದರಾಬಾದ್ ಸಂಸ್ಥಾನಗಳ ನಡುವೆ ನೀರಿನ ಹಂಚಿಕೆಯ ಜಗ್ಗಾಟ ದಶಕಗಳ ಕಾಲ ನಡೆಯಿತು. ನಿಜಾಂಸಾಗರ ಕಟ್ಟಿದ ಹೈದರಾಬಾದಿನ ಇಂಜಿನಿಯರ್ ಅಲಿ ನವಾಜ್ ಜಂಗ್ ಬಹಾದ್ದೂರರು ಸಂಸ್ಥಾನದ ಪರವಾಗಿ ಈ ಮಾತುಕತೆಯಲ್ಲಿ ಇದ್ದರು. 1944ರಲ್ಲಿ ಒಪ್ಪಂದವಾಯಿತು. 1945ರ ಫೆಬ್ರವರಿ 28ರಂದು ಎರಡೂ ದಂಡೆಗಳಲ್ಲಿ ಶಂಕುಸ್ಥಾಪನೆ ನಡೆಯಿತು. ಹೈದರಾಬಾದಿನ ಕಡೆ ಬೇರಾರಿನ ರಾಜಕುಮಾರ ಆಜಂ ಜಾಹ್, ಮದ್ರಾಸಿನ ಕಡೆ ಗವರ್ನರ್ ಆರ್ಥರ್ ಹೋಪ್. ಕಟ್ಟೆ ಏಳುತ್ತಿರುವಾಗಲೇ 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಮುಗಿಯಿತು. 1953ರಲ್ಲಿ ಕಾಲುವೆಗೆ ನೀರು ಬಿಟ್ಟಾಗ ನಿಜಾಮರ ಸರಕಾರ ಇರಲಿಲ್ಲ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿತು. ಜಲಾಶಯದ ಹಿನ್ನೀರಿನಲ್ಲಿ 90ರಷ್ಟು ಹಳ್ಳಿಗಳು ಮುಳುಗಿದ್ದವು. ಕೆಳಗಿನವರ ಹಸಿರಿನ ಲೆಕ್ಕ ಬರೆಯುವಾಗ ಆ ಮುಳುಗಿದ ಹಳ್ಳಿಗಳನ್ನು ಮರೆಯಬಾರದು.

ಎಡದಂಡೆ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರು. ಗುಡ್ಡದಲ್ಲಿ ಪಾಪಯ್ಯ ಸುರಂಗ ದಾಟಿ, ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಗಳನ್ನು ಹಾದು ರಾಯಚೂರಿನ ಕಡೆ ಹೋಗುತ್ತದೆ. ಸುಮಾರು 6 ಲಕ್ಷ ಎಕರೆಗೆ ನೀರು ಕೊಡಬೇಕೆಂದು ಮಾಡಿದ ಯೋಜನೆ. ಇಷ್ಟು ದೊಡ್ಡ ಪ್ರದೇಶಕ್ಕೆ ಭತ್ತ ಬೆಳೆಯುವಷ್ಟು ನೀರು ಲೆಕ್ಕದಲ್ಲೇ ಇರಲಿಲ್ಲ. ಇದು ಬರದಿಂದ ಬೆಳೆಯನ್ನು ಕಾಪಾಡುವ ನೀರಾವರಿ. ಜೋಳ, ಹತ್ತಿ, ಶೇಂಗಾಗಳಿಗೆ ಒಂದೆರಡು ಹದ ನೀರು. ಯಾವ ಸರ್ವೆ ನಂಬರಿನಲ್ಲಿ ಏನು ಬೆಳೆಯಬೇಕೆಂದು ಪಟ್ಟಿ ಮಾಡಿ ನಿಗದಿ ಮಾಡಿದರು. ಭತ್ತಕ್ಕೆ ಸಿಕ್ಕದ್ದು ಸಣ್ಣ ಪಾಲು.

ಆ ಪಟ್ಟಿ ಕಾಗದದಲ್ಲೇ ಉಳಿಯಿತು. ನೀರಿನ ಬೇಸಾಯ ಗೊತ್ತಿಲ್ಲದ ಎರೆಹೊಲದ ರೈತರು ಹಿಂಜರಿದಾಗ, ಕರಾವಳಿ ಆಂಧ್ರದ ಗುಂಟೂರು, ಕೃಷ್ಣಾ, ಗೋದಾವರಿ ಜಿಲ್ಲೆಗಳ ರೈತರು ಬಂದು ಕಾಲುವೆಯ ತಲೆಭಾಗದಲ್ಲಿ ಅಗ್ಗಕ್ಕೆ ಜಮೀನು ಕೊಂಡರು. ಹೊಲದಲ್ಲೇ ಗುಡಿಸಲು ಹಾಕಿದರು. ಆ ಗುಡಿಸಲುಗಳು 'ಕ್ಯಾಂಪು'ಗಳಾದವು. ಅವರ ದುಡಿಮೆ ದೊಡ್ಡದು, ಅದನ್ನು ನಿರಾಕರಿಸುವಂತಿಲ್ಲ. ಗದ್ದೆ ಮಟ್ಟ ಮಾಡುವುದು, ಸಸಿ ಹಚ್ಚುವುದು, ಸಾಲ ತಂದು ಗೊಬ್ಬರ ಹಾಕುವುದು ಇವನ್ನೆಲ್ಲ ಸ್ಥಳೀಯರು ಅವರಿಂದ ಕಲಿತರು. ಗಂಗಾವತಿ, ಕಾರಟಗಿಗಳು ಭತ್ತದ ಕಣಜಗಳಾದವು. ಅಕ್ಕಿ ಗಿರಣಿಗಳು ಎದ್ದವು. ಜೋಳದ ರೊಟ್ಟಿಯ ಸೀಮೆಯಲ್ಲಿ ಸೋನಾಮಸೂರಿ ಊಟವಾಯಿತು. ಹಾಗೆಯೇ ಭತ್ತ ಜೋಳಕ್ಕಿಂತ ಮೂರು ಪಟ್ಟು ನೀರು ಕುಡಿಯುವುದರಿಂದ ಕಾಲುವೆಯ ಕೊನೆಭಾಗದ ಮಾನ್ವಿ, ರಾಯಚೂರಿನ ರೈತರು ಬೀದಿಗಿಳಿದರು. ಈ ಎಡದಂಡೆ ಕಾಲುವೆಯ ನೀರಿನ ರಾಜಕಾರಣವನ್ನೇ ವಿಷಯ ಮಾಡಿಕೊಂಡು ಡಚ್ ವಿದ್ವಾಂಸ ಪೀಟರ್ ಮೊಲಿಂಗಾ ಬರೆದ ದೊಡ್ಡ ಪುಸ್ತಕ ಭಾರತದಲ್ಲಿ 2003ರಲ್ಲಿ ಅಚ್ಚಾಯಿತು.

ಆದರೆ ಇಷ್ಟೆಲ್ಲ ಚರ್ಚೆಯಲ್ಲಿ ಹಳ್ಳ ಎಲ್ಲಿ ಹೋಯಿತು?

ಹಳ್ಳ ತಲೆಕೆಳಗಾಯಿತು

ಕಾಲುವೆ ನೆಲದ ಮಟ್ಟ ಹಿಡಿದುಕೊಂಡು ಇಳಿಜಾರಿಗೆ ಅಡ್ಡವಾಗಿ ಹೋಗುತ್ತದೆ. ಹಳ್ಳ ಇಳಿಜಾರು ಹಿಡಿದು ಹೋಗುತ್ತದೆ. ಎರಡೂ ಎದುರಾದಲ್ಲಿ ಇಂಜಿನಿಯರರು ಒಂದನ್ನು ಮೇಲೆ, ಒಂದನ್ನು ಕೆಳಗೆ ದಾಟಿಸಿದರು. ಹೆಚ್ಚಿನ ಕಡೆ ಹಳ್ಳಕ್ಕೆ ಕಾಲುವೆಯ ಹೊಟ್ಟೆಯ ಕೆಳಗೆ ತೂಬು. ಗುಡ್ಡದಿಂದ ಬರುವ ಹಳ್ಳ ತಲೆ ತಗ್ಗಿಸಿ ನುಸುಳಿ ಈಚೆ ಬಂತು. ಬಂದ ಮೇಲೆ ಅದು ಹಳೆಯ ಹಳ್ಳವಾಗಿ ಉಳಿಯಲಿಲ್ಲ.

ಮೊದಲು ಮಳೆ ಬಂದರೆ ಹಳ್ಳ, ಬೇಸಿಗೆಯಲ್ಲಿ ಮಳಲು. ಈಗ ಕಾಲುವೆ ಹರಿದರೆ ಹಳ್ಳ, ಕಾಲುವೆ ನಿಂತರೆ ಬತ್ತು. ಜುಲೈ, ಆಗಸ್ಟಿನಲ್ಲಿ ಜಲಾಶಯ ತುಂಬಿ ನೀರು ಬಿಟ್ಟ ಕೂಡಲೇ ಗದ್ದೆಗಳ ಬಸಿನೀರು ಹಳ್ಳಕ್ಕೆ ಇಳಿಯುತ್ತದೆ. ಎರಡನೆಯ ಬೆಳೆಗೆ ನೀರು ಕೊಟ್ಟರೆ ಏಪ್ರಿಲ್‌ವರೆಗೂ ಹಳ್ಳ ಹಸಿ. ಗುಡ್ಡದ ಮಗಳಾಗಿದ್ದದ್ದು ಜಲಾಶಯದ ಮಗಳಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ನಮ್ಮ ಸೀಮೆಯ ಜನ ನಿದ್ದೆಗೆಟ್ಟದ್ದು ಕಾಲುವೆಗಾಗಿ ಮಾತ್ರವಲ್ಲ, ಗೊತ್ತಿಲ್ಲದೆಯೇ ಹಳ್ಳಕ್ಕಾಗಿಯೂ.

ವರ್ಷವಿಡೀ ನೀರಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. ಒಳ್ಳೆಯದಾದದ್ದೂ ಇದೆ. ಕಾಲುವೆಯ ನೀರು ತಲುಪದ ರೈತರು ಹಳ್ಳಕ್ಕೆ ಪಂಪು ಇಟ್ಟು ಬೆಳೆ ತೆಗೆದರು. ಮೇಲಿನವರ ಎಂಜಲು ನೀರು ಕೆಳಗಿನವರ ಅನ್ನವಾಯಿತು. ಆದರೆ ಈ ನೀರು ಬರಿಗೈಯಲ್ಲಿ ಬರುವುದಿಲ್ಲ. ಗದ್ದೆಗೆ ಸುರಿದ ಯೂರಿಯಾ, ಹುಳಕ್ಕೆ ಹೊಡೆದ ಔಷಧಿ, ಎರೆಯ ಆಳದಿಂದ ಕರಗಿ ಬಂದ ಉಪ್ಪು, ಪಟ್ಟಣದ ಗಟಾರ ಇವೆಲ್ಲ ಸೇರಿ ಬರುತ್ತವೆ. ವರತೆ ತೋಡುವವರು ಈಗ ಯಾರೂ ಇಲ್ಲ. ತೋಡಲು ಮಳಲೂ ಇಲ್ಲ. ಅದು ಟ್ರ್ಯಾಕ್ಟರುಗಳಲ್ಲಿ ಮನೆಗಳ ಗೋಡೆಗೆ ಹೋಯಿತು. ಮಳಲು ಹೋದಲ್ಲಿ ಕೆಸರು, ಕೆಸರಿನಲ್ಲಿ ಆಪು, ದಂಡೆಗೆ ಬಳ್ಳಾರಿ ಜಾಲಿ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಸವಳು ಮತ್ತು ಜವಳು. ಎರೆಮಣ್ಣು ನೀರನ್ನು ಬೇಗ ಬಿಡುವುದಿಲ್ಲ. ವರ್ಷಕ್ಕೆ ಎರಡು ಸಲ ಗದ್ದೆ ನಿಲ್ಲಿಸಿದರೆ ಅಂತರ್ಜಲ ಮೇಲೇರಿ ಬೇರಿಗೆ ಮುಟ್ಟುತ್ತದೆ, ಇದು ಜವಳು. ಆ ನೀರು ಆವಿಯಾಗಿ ಉಪ್ಪನ್ನು ಮೇಲೆ ಬಿಟ್ಟರೆ ಸವಳು. ನೀರು ಹರಿದುಹೋಗಲು ದಾರಿ ಇದ್ದರೆ ಈ ರೋಗ ತಡೆಯಬಹುದು. ಆ ದಾರಿಯ ಹೆಸರೇ ಹಳ್ಳ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ನೆಲದ ಬಗೆಗೇ ದಶಕಗಳಿಂದ ಅಧ್ಯಯನ ನಡೆದಿದೆ. ಬಸಿಗಾಲುವೆ ತೋಡಿ, ನೆಲದೊಳಗೆ ತೂತಿನ ಕೊಳವೆ ಹಾಕಿ ಉಪ್ಪುನೀರನ್ನು ಹೊರಗೆ ಕಳಿಸುವುದು ಪರಿಹಾರಗಳಲ್ಲೊಂದು. ಆದರೆ ಆ ಕೊಳವೆಯ ಬಾಯಿ ಕೊನೆಗೆ ತೆರೆಯಬೇಕಾದದ್ದು ಹಳ್ಳಕ್ಕೆ. ಹಳ್ಳವನ್ನೇ ಗದ್ದೆ ಮಾಡಿಕೊಂಡರೆ ಉಪ್ಪು ಎಲ್ಲಿಗೆ ಹೋಗಬೇಕು?

ಇದು ಬರೀ ಬೆಳೆಯ ಪ್ರಶ್ನೆಯಲ್ಲ. ಊರಿನಲ್ಲಿ ಬೆಲೆಯಿಲ್ಲದ ತಗ್ಗು ನೆಲವನ್ನು ಯಾರಿಗೆ ಕೊಡುತ್ತಿದ್ದರು? ಸತ್ತವರಿಗೆ ಮತ್ತು ಬಡವರಿಗೆ. ಹಳ್ಳದ ಮಗ್ಗುಲಿನ ಖರಾಬಿನಲ್ಲಿ ಕಬರಸ್ಥಾನ, ಅದರ ಪಕ್ಕ ರುದ್ರಭೂಮಿ, ಸ್ವಲ್ಪ ಆಚೆ ದಲಿತರ ಕೇರಿ. ನಮ್ಮ ಬಂಧುವೊಬ್ಬರು ತೀರಿಕೊಂಡಾಗ ಕಬರು ತೋಡಲು ಹೋದವರು ಅರ್ಧ ಗಂಟೆಯಲ್ಲಿ ಮರಳಿ ಬಂದರು. ಸೊಂಟದ ಆಳಕ್ಕೆ ನೀರು. ಬೇರೆ ಕಡೆ ತೋಡಿದರು, ಅಲ್ಲೂ ನೀರು. ಕೊನೆಗೆ ಬಕೀಟಿನಲ್ಲಿ ಎತ್ತಿ ಎತ್ತಿ ಹೊರಚೆಲ್ಲಿ, ಒಣ ಮಣ್ಣು ತಂದು ಹಾಸಿ, ಆತುರಾತುರವಾಗಿ ಮಣ್ಣು ಮಾಡಿದೆವು. ಮುಷ್ಟಿ ಮಣ್ಣು ಹಾಕುವಾಗ ಅದು ಪುಡಿಯಾಗಿ ಬೀಳಲಿಲ್ಲ, ಉಂಡೆಯಾಗಿ ಬಿತ್ತು. ಅದು ಆಗಸ್ಟ್ ತಿಂಗಳಲ್ಲ, ಮಾರ್ಚ್ ತಿಂಗಳು. ಆಕಾಶದಿಂದ ಹನಿ ಬಿದ್ದಿರಲಿಲ್ಲ. ಅದು ಗದ್ದೆಯ ನೀರು. ಕೇರಿಯ ಮನೆಗಳ ಗೋಡೆಗಳಿಗೂ ಅದೇ ನೀರು ಮೊಣಕಾಲು ಎತ್ತರಕ್ಕೆ ಏರಿ ಸುಣ್ಣ ಉದುರಿಸುತ್ತದೆ. ಬದುಕಿರುವವರಿಗೂ ಸತ್ತವರಿಗೂ ಕಾಲಕೆಳಗೆ ಒಂದೇ ತೇವ.

ನಮ್ಮದೇ ಗುಂಟೆಗಳು

ಆ ಹಿರಿಯರ ಕಾಗದ ಓದಿದ ಮೇಲೆ ನಮಗೆ ನಮ್ಮ ತಾಯಿಯ ತವರಿನ ಹೊಲದ ನೆನಪಾಯಿತು. ಅದೂ ಹಳ್ಳದ ದಂಡೆಯದೇ. ಹಳೆಯ ಟಿಪ್ಪಣಿಯ ಪ್ರತಿ ತೆಗೆಸಿ ನೋಡಿದೆವು. ಹಿಂದಿನವರು ಸರಪಳಿ, ಆಣೆಗಳಲ್ಲಿ ಅಳೆಯುತ್ತಿದ್ದರು. 33 ಅಡಿಗೆ ಒಂದು ಸರಪಳಿ, ಸರಪಳಿಗೆ 16 ಆಣೆ, ಒಂದು ಸರಪಳಿ ಚೌಕ ಒಂದು ಗುಂಟೆ. ಅಲ್ಲಿ ಬರೆದ ಹಳ್ಳದ ಅಗಲವನ್ನು ಅಡಿಗಳಿಗೆ ತಂದುಕೊಂಡು ಹಳ್ಳದಲ್ಲಿ ನಿಂತು ಅಳೆದೆವು. ಇಂದು ಉಳಿದದ್ದು ಅರ್ಧಕ್ಕಿಂತ ಕಡಿಮೆ. ಉಳಿದರ್ಧದ ಒಂದು ಪಾಲು ಆಚೆ ದಂಡೆಯವರ ಗದ್ದೆಯಲ್ಲಿತ್ತು. ಇನ್ನೊಂದು ಪಾಲು ನಮ್ಮ ಅಜ್ಜನ ಗದ್ದೆಯಲ್ಲಿತ್ತು.

ಅಜ್ಜ ಕಳ್ಳನಲ್ಲ. ಐದು ಹೊತ್ತು ನಮಾಜು ಮಾಡುತ್ತಿದ್ದ, ಪರರ ಕಣದ ಒಂದು ತೆನೆ ಮುಟ್ಟದ ಮನುಷ್ಯ. ಪ್ರತಿ ವರ್ಷ ಒಡ್ಡು ಕಟ್ಟುವಾಗ ಒಂದು ಗೇಣು ಮುಂದೆ ಕಟ್ಟಿರಬೇಕು. ಮೆಕ್ಕಲು ಮಣ್ಣು ಬಿದ್ದಲ್ಲಿ ಒಂದು ಸಾಲು ಸಸಿ ಹಚ್ಚಿರಬೇಕು. ಹಳ್ಳ ಯಾರದ್ದೂ ಅಲ್ಲವೆಂದ ಮೇಲೆ ಕದ್ದಂತೆ ಅನ್ನಿಸಿರಲಾರದು. ಆ ಗೇಣುಗಳ ಭತ್ತ ಮಾರಿದ ದುಡ್ಡಿನಲ್ಲಿಯೇ ನಮ್ಮ ಶಾಲೆಯ ಫೀ, ಪುಸ್ತಕ ಬಂದವು. ಆ ಕಾಗದ ಓದುವಷ್ಟು ಉರ್ದುವೂ, ಈ ಲೇಖನ ಬರೆಯುವಷ್ಟು ಕನ್ನಡವೂ ಹಳ್ಳದ ಋಣದಿಂದಲೇ ಬಂದದ್ದು. ಆದ್ದರಿಂದ ಒತ್ತುವರಿದಾರರೆಂದು ಬೆರಳು ತೋರಿಸುವ ಮೊದಲು ನಮ್ಮ ಕಡೆಗೇ ತೋರಿಸಿಕೊಳ್ಳಬೇಕಾಗಿದೆ. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು ಎಂಬುದು ಗಾದೆ. ಇಲ್ಲಿ ಬಿದ್ದದ್ದು ಹಳ್ಳವೇ, ಆಳಿಗೊಂದು ಒಡ್ಡು ಹಾಕಿದವರು ನಾವು.

ಇದರ ದಂಡವನ್ನು ನೀರು 2009ರಲ್ಲಿ ವಸೂಲಿ ಮಾಡಿತು. ಆ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಮಳೆ ಕವುಚಿಕೊಂಡು ಬಿತ್ತು. ಹೊಳೆಗಳ ನೆರೆಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ಸಣ್ಣ ಹಳ್ಳಗಳು ರಾತ್ರೋರಾತ್ರಿ ತಮ್ಮ ಹಳೆಯ ಅಗಲ ಹುಡುಕಿಕೊಂಡು ಗದ್ದೆಗೆ, ಕೇರಿಗೆ ನುಗ್ಗಿದ ಸುದ್ದಿ ಅಷ್ಟಾಗಿ ಬರಲಿಲ್ಲ. ಹಳ್ಳಕ್ಕೆ ಓದು ಬಾರದು, ಆದರೆ ತನ್ನ ಟಿಪ್ಪಣಿ ಅದಕ್ಕೆ ಬಾಯಿಪಾಠ. ಗದ್ದೆಯವರ ಬೆಳೆ ಹೋಯಿತು, ಪರಿಹಾರ ಬಂತು. ಕೇರಿಯವರ ಮಣ್ಣಿನ ಗೋಡೆ ಹೋಯಿತು.

ಯಾರದು?

ಹಿರಿಯರು ಕೇಳಿದ ಪ್ರಶ್ನೆಗೆ ಕಾನೂನಿನ ಉತ್ತರ ಅಂದಿಗೂ ಇಂದಿಗೂ ಹೆಚ್ಚು ಬದಲಾಗಿಲ್ಲ. ಹೈದರಾಬಾದಿನಲ್ಲಿ ಭೂಕಂದಾಯಕ್ಕೆ 1317ನೆಯ ಫಸಲಿಯ, ಅಂದರೆ 1907-08ರ ಕಾಯ್ದೆ ಇತ್ತು. ಈಗ ಇರುವುದು 1964ರ ಕರ್ನಾಟಕ ಭೂಕಂದಾಯ ಕಾಯ್ದೆ. ಅದರ 67ನೆಯ ಕಲಮು ಹೊಳೆ, ಹಳ್ಳ, ಕೆರೆಗಳ ತಳವನ್ನು ಸರಕಾರದ ಸ್ವತ್ತು ಎನ್ನುತ್ತದೆ. ಪಹಣಿಯಲ್ಲಿ 'ಬ' ಖರಾಬು ಎಂದು ಬರೆದದ್ದು ಸಾರ್ವಜನಿಕರದು. ಉತ್ತರ ಕಾಗದದಲ್ಲಿ ಸ್ಪಷ್ಟವಾಗಿದೆ. ಆದರೆ ಸರಕಾರದ್ದು ಎಂದರೆ ಯಾರದ್ದೂ ಅಲ್ಲ ಎಂದೇ ನಾವು ಓದಿಕೊಂಡು ಬಂದಿದ್ದೇವೆ. ಎಲ್ಲರದ್ದು ಎಂದು ಓದಲು ಕಲಿತಿಲ್ಲ.

ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ, ಮೊದಲು 133 ಟಿಎಂಸಿ ಇದ್ದ ಅದರ ಸಾಮರ್ಥ್ಯ 105ರ ಆಸುಪಾಸಿಗೆ ಇಳಿದಿದೆ. ಇದನ್ನು ಸರಿದೂಗಿಸಲು ನವಲಿಯ ಹತ್ತಿರ ಸಮತೋಲನ ಜಲಾಶಯ ಕಟ್ಟಬೇಕೆಂಬ ಬೇಡಿಕೆ ಬಹಳ ಕಾಲದ್ದು. ಚುನಾವಣೆ ಬಂದಾಗ ಅದರ ಮಾತು ಜೋರಾಗುತ್ತದೆ. ಅದು ಆಗಲಿ ಬಿಡಲಿ, ಇರುವ ನೀರನ್ನು ಬಳಸಿ ಬಸಿದು ಹೊಳೆಗೆ ಮುಟ್ಟಿಸುವ ಹಳ್ಳಗಳ ಮಾತು ಯಾವ ಭಾಷಣದಲ್ಲೂ ಇಲ್ಲ. ನೀರು ಬರುವ ದಾರಿಗೆ ಇಲಾಖೆಯಿದೆ, ಅಧಿಕಾರಿಯಿದ್ದಾನೆ, ನಂಬರಿದೆ. ನಮ್ಮಲ್ಲಿ ಜನ ವಿಳಾಸ ಹೇಳುವುದೇ ಕಾಲುವೆಯ ನಂಬರಿನಿಂದ. ನೀರು ಹೋಗುವ ದಾರಿಗೆ ಏನೂ ಇಲ್ಲ.

ಮಾಡಬೇಕಾದದ್ದು ದೊಡ್ಡದೇನಲ್ಲ. ಪ್ರತಿ ಊರಿನ ಹಳ್ಳವನ್ನು ಹಳೆಯ ಗ್ರಾಮನಕ್ಷೆ ಹಿಡಿದು ಒಮ್ಮೆ ಅಳೆಯಬೇಕು, ಎರಡೂ ದಂಡೆಗೆ ಕಲ್ಲು ನಡಬೇಕು. ಅಳತೆ ಬಡವನ ಗುಡಿಸಲಿನಿಂದಲ್ಲ, ದೊಡ್ಡ ಗದ್ದೆಯಿಂದ ಶುರುವಾಗಬೇಕು. ಗುಡಿಸಲು ಎತ್ತಬೇಕಾದಲ್ಲಿ ಎತ್ತರದ ನೆಲ ಮೊದಲು ಕೊಡಬೇಕು. ಕಾಲುವೆ ನಿಂತ ತಿಂಗಳುಗಳಲ್ಲಿ ಹಳ್ಳದ ಹೂಳು, ಆಪು ತೆಗೆಯುವ ಕೆಲಸವನ್ನು ಉದ್ಯೋಗದ ಕೆಲಸವಾಗಿ ಕೊಡಬೇಕು. ಇನ್ನೊಂದು, ಹಳೆಯ ಉರ್ದು ದಫ್ತರುಗಳನ್ನು ಗೆದ್ದಲು ತಿನ್ನುವ ಮೊದಲು ಓದಿಸಬೇಕು. ನಮ್ಮ ಉರ್ದು ಶಾಲೆಗಳ ಮಕ್ಕಳಿಗೆ ಗಜಲಿನ ಜೊತೆ ಸೇತ್ವಾರ್, ಪಹಣಿಗಳ ಬರಹವನ್ನೂ ಕಲಿಸಿದರೆ ಆ ಭಾಷೆ ಊರಿನ ಎಲ್ಲ ಜಾತಿಯವರ ಕೆಲಸಕ್ಕೆ ಬರುತ್ತದೆ. ಉರ್ದು ಮುಸಲ್ಮಾನರ ಭಾಷೆ ಮಾತ್ರವೆಂದು ದೂರ ಸರಿದವರ ಹೊಲದ ಚಕ್ಕುಬಂದಿಯೂ ಅದರಲ್ಲೇ ಇದೆ.

ಆ ಹಿರಿಯರು ಕಾಗದಗಳನ್ನು ಮತ್ತೆ ಅದೇ ಚೀಲದಲ್ಲಿ ಇಟ್ಟುಕೊಂಡು ಹೊರಟರು. ತಕರಾರು ಮುಂದುವರಿಸುತ್ತಾರೋ ಎಂದು ಕೇಳಿದೆವು. "ಇಬ್ಬರದೂ ಅಲ್ಲ ಅಂತ ಬರದೈತಲ್ರಿ, ಇನ್ನ ಯಾತರ ತಕರಾರು" ಎಂದರು. ಆಮೇಲೆ ಬಾಗಿಲಲ್ಲಿ ನಿಂತು, "ನಾ ಒಂದ್ ಗೇಣು ಹಿಂದ ಸರದ್ರ ಆಚಿ ದಂಡ್ಯಾಂವ ಸರೀತಾನೇನ್ರಿ?" ಎಂದು ಕೇಳಿದರು. ಆಚೆ ದಂಡೆಯವರೂ ಯಾರಲ್ಲೋ ಇದೇ ಪ್ರಶ್ನೆ ಕೇಳುತ್ತಿರಬಹುದು. ನಮ್ಮ ಅಜ್ಜನ ಹೊಲವನ್ನು ಈಗ ನಮ್ಮ ಸೋದರಮಾವನ ಮಕ್ಕಳು ಮಾಡುತ್ತಾರೆ. ಈ ಲೇಖನ ಬರೆದು ಮುಗಿಸಿದ ಮೇಲೆ ಅವರಿಗೆ ಆ ಟಿಪ್ಪಣಿಯ ಪ್ರತಿ ಕೊಡಬೇಕು. ಒಡ್ಡು ಹಿಂದಕ್ಕೆ ಕಟ್ಟುವ ಮಾತನ್ನು ಮೊದಲು ಅಲ್ಲಿ ಆಡಿ ನೋಡಬೇಕು.